ಬರೆದದೆ ಸಾರ್ ಮತ್ತು ಕೀರ್ತನೆ 91

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಶಾಲೆಯಿಂದ ಫೋನ್ ಬಂತು. ಸಾರ್ ತೀರಿಕೊಂಡ ಸುದ್ದಿ ಅದಕ್ಕೂ ಮೊದಲೇ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಿತ್ತು. ಕೈ ಮುಗಿದ ಚಿತ್ರಗಳ ಸಾಲು ಮುಗಿದ ಮೇಲೆ ಯಾರೋ ಒಬ್ಬ ಬರೀ "ಬರೆದದೆ ಸಾರ್" ಅಂತ ಹಾಕಿದ. ಅಷ್ಟು ಸಾಕಾಯಿತು. ಮಧ್ಯರಾತ್ರಿ ದಾಟಿದರೂ ಗುಂಪು ಮಲಗಲಿಲ್ಲ.

ಅವರ ಹೆಸರು ಹಾಜರಿ ಪುಸ್ತಕದಲ್ಲಿ ಬೇರೆ ಇತ್ತು. ನಮಗೆ ಮಾತ್ರ ಅವರು ಬರೆದದೆ ಸಾರ್. ಏನು ಕೇಳಿದರೂ ಬೈಬಲಿನ ಒಂದು ವಾಕ್ಯ ಹೇಳಿ, ಕೊನೆಗೆ "ಎಂದು ಬರೆದದೆ" ಅನ್ನುತ್ತಿದ್ದರು. ಬರೆದಿದೆ ಅನ್ನುವುದಕ್ಕೆ ಬೈಬಲ್ ಕನ್ನಡ ಅದು. ಸೀಮೆಸುಣ್ಣ ಮುಗಿದರೆ ಅದಕ್ಕೂ ಒಂದು ವಾಕ್ಯ. ಮಳೆ ಬಾರದಿದ್ದರೆ ಅದಕ್ಕೂ ಒಂದು. ಬಳ್ಳಾರಿಯಲ್ಲಿ ಆ ಎರಡನೇ ವಾಕ್ಯ ಜಾಸ್ತಿ ಕೇಳಿಸುತ್ತಿತ್ತು.

ಅವರು ಕನ್ನಡ ಹೇಳಿಕೊಡುತ್ತಿದ್ದರು. ಜೊತೆಗೆ ಸ್ಕ್ರಿಪ್ಚರ್ ಪಿರಿಯಡ್, ಅಂದರೆ ಬೈಬಲ್ ಪಾಠ. ಕನ್ನಡದಲ್ಲಿ ಏನು ಪಾಠ ಇತ್ತು ಅಂತ ಈಗ ಕೇಳಿದರೆ ನನಗೆ ಒಂದೂ ನೆನಪಿಲ್ಲ. ಸ್ಕ್ರಿಪ್ಚರ್ ಪಿರಿಯಡ್ ಮಾತ್ರ ಇದ್ದ ಹಾಗೇ ಇದೆ. ಮತ್ತಾಯನ ಸುವಾರ್ತೆ ನಾಲ್ಕನೇ ಅಧ್ಯಾಯ, ಯೇಸುಸ್ವಾಮಿಯ ಶೋಧನೆ. ಶೋಧನೆ ಅಂದರೆ ಆಸೆ ತೋರಿಸಿ ದಾರಿ ತಪ್ಪಿಸಲು ನೋಡುವುದು. ನಲವತ್ತು ದಿನ ಉಪವಾಸ. ಆಮೇಲೆ ಸೈತಾನ ಬರುತ್ತಾನೆ. ಕಲ್ಲನ್ನು ರೊಟ್ಟಿ ಮಾಡು ಅನ್ನುತ್ತಾನೆ. ದೇವಾಲಯದ ಮೇಲಿಂದ ಹಾರು ಅನ್ನುತ್ತಾನೆ. ನನಗೆ ಅಡ್ಡಬಿದ್ದರೆ ಲೋಕದ ರಾಜ್ಯಗಳನ್ನೆಲ್ಲ ಕೊಡುತ್ತೇನೆ ಅನ್ನುತ್ತಾನೆ. ಯೇಸು ಮೂರಕ್ಕೂ ವಾಕ್ಯದಿಂದಲೇ ಉತ್ತರ ಕೊಡುತ್ತಾನೆ.

"ಆ ಮೂರು ಉತ್ತರ ಎಲ್ಲಿಂದ ಬಂದವು, ಹೇಳ್ರಿ ನೋಡೋಣ?" ಅಂತ ಸಾರ್ ಕೇಳುತ್ತಿದ್ದರು. ನಾವು ಸುಮ್ನೆ ಕೂರುತ್ತಿದ್ದೆವು. "ಮೂರೂ ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡದ್ದೇ. ಆರು ಮತ್ತು ಎಂಟನೇ ಅಧ್ಯಾಯ. ಅಡವಿಯಲ್ಲಿ ಆತನ ಕೈಯಲ್ಲಿ ಪುಸ್ತಕ ಇತ್ತೇನು? ಇಲ್ಲ. ಬಾಯಲ್ಲಿತ್ತು. ಹೊಟ್ಟೆ ಹಸಿದಾಗ ಪುಸ್ತಕ ಹುಡುಕೋಕೆ ಪುರುಸೊತ್ತು ಇರೋದಿಲ್ಲ ತಮ್ಮಾ."

ಅದಕ್ಕೇ ಬಾಯಿಪಾಠ. ವಾರಕ್ಕೊಂದು ಭಾಗ ಒಪ್ಪಿಸಲೇಬೇಕು. ಬೇಜಾರು ಅಂದರೆ ಜಾನ್ ಹ್ಯಾಂಡ್ಸ್ ಕಥೆ ಶುರುವಾಗುತ್ತಿತ್ತು. ಲಂಡನ್ ಮಿಷನ್ನಿನ ಪಾದ್ರಿ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವರು. ಇಲ್ಲೇ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತರು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಬರುವಾಗ 1831 ಆಗಿತ್ತು. "ಫ್ಯಾನಿಲ್ಲ, ಕರೆಂಟಿಲ್ಲ, ಇದೇ ಸೆಕೆ. ಅವರು ಇಪ್ಪತ್ತು ವರ್ಷ ತಗೊಂಡ ಪುಸ್ತಕ ಇದು. ನಿನಗೆ ಹನ್ನೊಂದು ವಚನ ಭಾರ ಆಯ್ತಾ?" ಅನ್ನುತ್ತಿದ್ದರು. ಬಳ್ಳಾರಿ ಅಂದರೆ ಬಿಸಿಲು ಮತ್ತು ಜೈಲು ಅಂತ ಹೊರಗಿನವರು ನಗುವಾಗ ನಾನು ಈಗಲೂ ಹ್ಯಾಂಡ್ಸ್ ಹೆಸರು ತೆಗೆಯುತ್ತೇನೆ.

ಒಂದು ಸಲ ಇಡೀ ಕ್ಲಾಸನ್ನು ಬಳ್ಳಾರಿ ಗುಡ್ಡ ಹತ್ತಿಸಿದರು. ಕೋಟೆಯ ಮೇಲೆ ನಿಲ್ಲಿಸಿ ಊರು ತೋರಿಸಿದರು. ಕೌಲ್ ಬಜಾರ್, ರೈಲ್ವೆ ಸ್ಟೇಷನ್, ಅದರಾಚೆ ಜೋಳದ ಹೊಲಗಳು. "ಇದೆಲ್ಲಾ ನಿನಗೇ ಕೊಡ್ತೀನಿ, ಒಂದೇ ಒಂದು ಸಲ ಅಡ್ಡಬೀಳು ಅಂದ್ರೆ ಏನು ಮಾಡ್ತೀಯಲೇ?" ಅಂತ ಒಬ್ಬನನ್ನು ಕೇಳಿದರು. ಅವನು ಪ್ರಾಮಾಣಿಕ ಹುಡುಗ. "ಎಲ್ಲಾ ಬೇಡ ಸಾರ್, ಒಂದು ಟಾಕೀಸ್ ಸಾಕು" ಅಂದ. ಸಾರ್ ನಕ್ಕು ನಕ್ಕು ಕಲ್ಲಿನ ಮೇಲೆ ಕೂತುಬಿಟ್ಟರು. ಆಮೇಲೆ ಕುಂಬಾರ ಗುಡ್ಡದ ಕಡೆ ಕೈ ಮಾಡಿದರು. ಹೈದರಾಲಿ ಈ ಕೋಟೆಯನ್ನು ಸರಿಮಾಡಿಸಿದ್ದು ಒಬ್ಬ ಫ್ರೆಂಚ್ ಎಂಜಿನಿಯರಿಂದ ಅಂತ ಊರಲ್ಲಿ ಕಥೆ ಇದೆ. ಎಲ್ಲಾ ಮುಗಿದ ಮೇಲೆ ನೋಡಿದರೆ ಪಕ್ಕದ ಗುಡ್ಡವೇ ಎತ್ತರ. ಸಿಟ್ಟಿಗೆ ಆ ಎಂಜಿನಿಯರನ್ನು ನೇಣಿಗೆ ಹಾಕಿಸಿದನಂತೆ. "ಒಂದು ಗುಡ್ಡ ಸಿಕ್ಕವನ ಕಣ್ಣು ಇನ್ನೊಂದರ ಮೇಲೇ. ಟಾಕೀಸ್ ಸಿಕ್ಕರೆ ನೀನೂ ಎರಡನೇದು ಕೇಳ್ತೀಯ" ಅಂತ ಅವನ ತಲೆ ಸವರಿದರು.

ಇಲ್ಲಿ ನಮ್ಮ ಡ್ರಿಲ್ ಮಾಸ್ತರ್ ಬಗ್ಗೆಯೂ ಹೇಳಬೇಕು. ಕೌಲ್ ಬಜಾರಿನ ಸಾಬರು. ರಂಜಾನ್ ಕೆಲವು ವರ್ಷ ಸರಿಯಾಗಿ ಬೇಸಿಗೆಯಲ್ಲೇ ಬರುತ್ತಿತ್ತು. ಮೈದಾನದಲ್ಲಿ ನಮ್ಮನ್ನು ಓಡಿಸುತ್ತಾ, ನಾವು ನಲ್ಲಿಗೆ ಬಾಯಿ ಹಚ್ಚಿದಾಗ ಅವರು ಬೇವಿನ ಮರದ ಕೆಳಗೆ ತಿರುಗಿ ನಿಲ್ಲುತ್ತಿದ್ದರು. ಬರೆದದೆ ಸಾರ್ ಕಿಟಕಿಯಿಂದ ಅವರನ್ನೇ ತೋರಿಸುತ್ತಿದ್ದರು. "ಲೆಂಟಿನಲ್ಲಿ, ಈಸ್ಟರಿಗೆ ಮುಂಚಿನ ಉಪವಾಸ ಕಾಲದಲ್ಲಿ, ಒಂದು ಶುಕ್ರವಾರ ಊಟ ಬಿಟ್ಟು ಮುಖ ಸಣ್ಣ ಮಾಡ್ಕೋತೀರಿ. ಅಲ್ಲಿ ನೋಡ್ರಿ. ಒಂದು ಹನಿ ನೀರಿಲ್ಲ, ವಿಸಲ್ ಊದ್ತಾ ಇದ್ದಾರೆ." ಇಬ್ಬರೂ ಸಂಜೆ ಒಂದೇ ಬೆಂಚಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಧರ್ಮದ ಚರ್ಚೆ ಮಾಡಿದ್ದು ನಾನು ಕೇಳಿಲ್ಲ. ಕ್ರಿಕೆಟ್ಟಿನದು ಮಾತ್ರ ಜೋರಾಗಿ ನಡೆಯುತ್ತಿತ್ತು.

ಈಗ ಕರ್ಜಿಕಾಯಿ ವಿಷಯ. ಇದನ್ನು ಬರೆಯದಿದ್ದರೆ ನನ್ನ ಬ್ಯಾಚಿನವರು ನನ್ನನ್ನು ಬಿಡುವುದಿಲ್ಲ.

ಕ್ರಿಸ್‌ಮಸ್‌ಗೆ ಬೋರ್ಡಿಂಗಿನ ಅಡುಗೆ ಮನೆಯಲ್ಲಿ ಕರ್ಜಿಕಾಯಿ ಕರಿದು ದೊಡ್ಡ ಡಬ್ಬಗಳಲ್ಲಿ ತುಂಬಿಡುತ್ತಿದ್ದರು. ವಾಸನೆ ನಮ್ಮ ಹಾಲಿಗೇ ಬರುತ್ತಿತ್ತು. ಅಂಥ ವಾಸನೆ ಬಿಟ್ಟು ಶೋಧನೆಗೆ ಸಿಕ್ಕಿಸಬೇಡ ಅಂತ ಪ್ರಾರ್ಥನೆ ಮಾಡಿಸಿದರೆ ಹುಡುಗರು ಏನು ಮಾಡಬೇಕು? ಒಂದು ರಾತ್ರಿ ನಾವು ನಾಲ್ಕೈದು ಜನ ಕಿಟಕಿಯ ಸರಳು ಸಡಿಲಿಸಿ ಒಳಗೆ ಇಳಿದೆವು. ಬ್ಯಾಟರಿ ಹಿಡಿದವನು ನಾನು. ಒಂದು ಡಬ್ಬ ಪೂರ್ತಿ ಖಾಲಿ. ಬೆಳಿಗ್ಗೆ ಎಲ್ಲರ ಅಂಗಿಯ ಮೇಲೂ ಪುಟಾಣಿ ಹಿಟ್ಟು. ಸಿಕ್ಕಿಬೀಳಲು ಸಾಕ್ಷಿಯೇ ಬೇಕಿರಲಿಲ್ಲ.

ಸಾರ್ ಮುಂದೆ ನಿಲ್ಲಿಸಿದರು. ನಮ್ಮ ಗುಂಪಿನ ನಾಯಕ ಆಗಲೇ ವಕೀಲನ ಹಾಗೆ ಮಾತಾಡುತ್ತಿದ್ದ. "ಸಾರ್, ದಾವೀದನೂ ಹಸಿದಾಗ ದೇವರ ಮನೆಯ ರೊಟ್ಟಿ ತಿಂದ. ಯೇಸುಸ್ವಾಮಿಯೇ ಅದನ್ನು ತಪ್ಪು ಅನ್ನಲಿಲ್ಲ. ಮತ್ತಾಯ ಹನ್ನೆರಡನೇ ಅಧ್ಯಾಯ ಸಾರ್." ನಾವೆಲ್ಲ ಉಸಿರು ಬಿಗಿಹಿಡಿದೆವು. ಬೆತ್ತ ಖಂಡಿತ ಅಂದುಕೊಂಡೆವು.

ಸಾರ್ ಬೆತ್ತ ತೆಗೆಯಲಿಲ್ಲ. ಬೈಬಲ್ ತೆಗೆದರು. "ಶಭಾಷ್. ಸೈತಾನನಿಗೂ ವಾಕ್ಯ ಬಾಯಿಪಾಠ ಬರುತ್ತೆ. ಕೀರ್ತನೆ ತೊಂಬತ್ತೊಂದು ತೆಗಿ" ಅಂದರು. ದೇವಾಲಯದ ಮೇಲೆ ಸೈತಾನ ಯೇಸುವಿಗೆ ಹೇಳಿದ್ದು ಆ ಕೀರ್ತನೆಯ ಹನ್ನೊಂದು, ಹನ್ನೆರಡನೇ ವಚನ. ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ, ನಿನ್ನ ಕಾಲು ಕಲ್ಲಿಗೆ ತಗಲದು ಅನ್ನುವುದು. "ಎರಡನ್ನೂ ಹೋಲಿಸಿ ಓದು. ಏನು ಬಿಟ್ಟಿದ್ದಾನೆ?" ನಾಯಕ ಓದಿದ. ನಿನ್ನ ಮಾರ್ಗಗಳಲ್ಲೆಲ್ಲ ಕಾಯುತ್ತಾರೆ ಅಂತ ಕೀರ್ತನೆಯಲ್ಲಿದೆ. ಸೈತಾನನ ಬಾಯಲ್ಲಿ ಆ ಮಾರ್ಗದ ಮಾತೇ ಇಲ್ಲ. "ಗೋಪುರದಿಂದ ಹಾರೋದು ಯಾವ ಮಾರ್ಗ? ಸರಿ, ಹದಿಮೂರನೇ ವಚನ ಓದು." ಸಿಂಹವನ್ನೂ ಸರ್ಪವನ್ನೂ ತುಳಿಯುವ ಮಾತು ಅಲ್ಲಿದೆ. "ಅದಕ್ಕೇ ಹನ್ನೆರಡಕ್ಕೆ ನಿಲ್ಲಿಸಿದ ನೋಡು. ಮುಂದಿನದು ಅವನ ತಲೆ ಮೇಲೇ ಬರ್ತಿತ್ತು. ಯಾರಾದರೂ ವಚನ ಹೇಳಿ ಏನಾದರೂ ಮಾಡು ಅಂದ್ರೆ ಹಿಂದಿನದು ಓದ್ರಿ, ಮುಂದಿನದು ಓದ್ರಿ." ಆಮೇಲೆ ದಾವೀದನ ಕಡೆ ಬಂದರು. ದಾವೀದ ಯಾಜಕನನ್ನು ಕೇಳಿ ತಗೊಂಡ. ಕಿಟಕಿ ಕಿತ್ತು ಇಳಿಯಲಿಲ್ಲ.

ಶಿಕ್ಷೆ ಏನು ಗೊತ್ತಾ? ಖಾಲಿ ಡಬ್ಬವನ್ನು ನಾವೇ ತುಂಬಬೇಕು. ಇಡೀ ದಿನ ಅಡುಗೆ ಆಯಮ್ಮನ ಹತ್ತಿರ ಕೂತು ಹಿಟ್ಟು ಲಟ್ಟಿಸಿ, ಹೂರಣ ತುಂಬಿ, ಅಂಚು ಮಡಚಿದೆವು. ಒಂದನ್ನೂ ಬಾಯಿಗೆ ಹಾಕುವ ಹಾಗಿಲ್ಲ. ಆಸೆ ತಡೆಯದಿದ್ದರೆ ಜೋರಾಗಿ ವಾಕ್ಯ ಹೇಳಬೇಕು. ಆಯಮ್ಮನಿಗೆ ಓದು ಬರುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಆಕೆಗೂ ಕೀರ್ತನೆ 91 ಬಾಯಿಗೆ ಬಂದಿತ್ತು.

ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು. ಆದರೂ ಸಾರ್ ಬಗ್ಗೆ ಬರೆಯುವಾಗ ಇದನ್ನು ಬಿಟ್ಟರೆ ಅಪೂರ್ಣ. ಗಣಿ ಜೋರಾಗಿದ್ದ ವರ್ಷಗಳಲ್ಲಿ ನಾನು ಅದಿರು ಲಾರಿಗಳನ್ನು ತೂಗುವ ಕಾಟಾದಲ್ಲಿ ಲೆಕ್ಕ ಬರೆಯುತ್ತಿದ್ದೆ. ಚೀನಾಕ್ಕೆ ಎಷ್ಟು ಕಳಿಸಿದರೂ ಸಾಲದ ಕಾಲ ಅದು. ರಸ್ತೆ, ಮರ, ನಮ್ಮ ಊಟದ ಡಬ್ಬಿ ಎಲ್ಲಾ ಕೆಂಪು. ಒಬ್ಬ ಬಂದು ಟೇಬಲ್ ಮೇಲೆ ಕವರ್ ಇಟ್ಟ. ತೂಕ ಕಮ್ಮಿ ಬರೆದರೆ ಸಾಕಂತೆ, ದಿನಾ ಒಂದು ಕವರ್. "ದೇವರು ಕೊಟ್ಟಾಗ ಬೇಡ ಅನ್ನಬಾರದು ಅಣ್ಣಾ" ಅಂತಲೂ ಸೇರಿಸಿದ.

ಆ ಮಾತು ಯಾವ ಅಧ್ಯಾಯದ್ದು ಅಂತ ನನ್ನ ತಲೆ ಹುಡುಕಿತು. ಎಲ್ಲೂ ಇಲ್ಲ. ಅದರ ಬದಲು ಬಂದದ್ದು ಬೈಬಲಿನ ಯೋಸೇಫ. ತನ್ನ ಮೇಲೆ ಕಣ್ಣು ಹಾಕಿದ, ಯಜಮಾನ ಪೋಟೀಫರನ ಹೆಂಡತಿಗೆ ಅವನು ಮೊದಲು ಬಾಯಲ್ಲಿ ಬೇಡ ಅಂದ. ದಿನಾ ಬೇಡ ಅಂದ. ಆಕೆ ಬಟ್ಟೆ ಹಿಡಿದಾಗ ಮಾತು ನಿಲ್ಲಿಸಿ, ಬಟ್ಟೆ ಬಿಟ್ಟು ಓಡಿದ. ಸಾರ್ ಇದನ್ನು ಕೊರಿಂಥದವರಿಗೆ ಬರೆದ ಮೊದಲ ಪತ್ರಕ್ಕೆ ಜೋಡಿಸುತ್ತಿದ್ದರು. ದೇವರು ಶೋಧನೆಯ ಜೊತೆಗೆ ತಪ್ಪಿಸಿಕೊಳ್ಳುವ ದಾರಿಯನ್ನೂ ಇಟ್ಟಿರುತ್ತಾನೆ, ಹತ್ತನೇ ಅಧ್ಯಾಯ, ಹದಿಮೂರನೇ ವಚನ. "ದಾರಿ ಅಂದ್ರೆ ಬಹಳ ಸಲ ಬಾಗಿಲೇ" ಅನ್ನುತ್ತಿದ್ದರು. ನಾನು ಬೇಡ ಅಂದೆ. ಅವನು ಮತ್ತೆ ಮತ್ತೆ ಬಂದ. ಕೊನೆಗೆ ಕೆಲಸವನ್ನೇ ಬಿಟ್ಟೆ. ಊಟದ ಡಬ್ಬಿ ಅಲ್ಲೇ ಉಳಿಯಿತು, ತರೋಕೆ ಹೋಗಲಿಲ್ಲ. ಮನೆಯಲ್ಲಿ ಬೈಗುಳ ತಿಂದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿದಾಗ ಅದೇ ಮನೆಯವರು ನನ್ನನ್ನು ದೊಡ್ಡ ಜಾಣ ಅಂದರು. ಜಾಣತನ ಏನೂ ಇರಲಿಲ್ಲ. ಆದರೆ ಕೇಳಲು ಹಿತವಾಗಿತ್ತು, ಅಲ್ಲ ಅನ್ನಲಾರೆ.

ಈಗಿನ ಮಕ್ಕಳ ಫೋನಿನಲ್ಲಿ ಇಡೀ ಬೈಬಲ್ ಇದೆ. ಬೆಳಿಗ್ಗೆ ಎದ್ದರೆ ಗುಲಾಬಿ ಹೂವಿನ ಮೇಲೆ ಒಂದು ವಚನ ಬರುತ್ತೆ. ಹಿಂದಿನದಿಲ್ಲ, ಮುಂದಿನದಿಲ್ಲ, ಒಂಟಿ ವಚನ. ಸ್ಟೇಟಸ್ಸಿಗೆ ಹಾಕಿದರೆ ಮುಗಿಯಿತು. ನಮ್ಮ ಮೊಮ್ಮಗಳ ಶಾಲೆಯಲ್ಲಿ ಸ್ಕ್ರಿಪ್ಚರ್ ಪಿರಿಯಡ್ ಜಾಗಕ್ಕೆ ನೀಟ್ ತಯಾರಿ ಬಂದಿದೆ. ಬಾಯಿಪಾಠ ಹಳೆ ಪದ್ಧತಿಯಂತೆ. ಇರಬಹುದು. ಆದರೆ ಕಾಟಾದ ಟೇಬಲ್ ಮುಂದೆ ಕವರ್ ಇಟ್ಟವನಿಗೆ "ಸ್ವಲ್ಪ ಇರಪ್ಪಾ, ನೆಟ್‌ವರ್ಕ್ ಬರಲಿ" ಅನ್ನೋಕಾಗುತ್ತಾ?

ಸಾರ್ ಹೆಸರಿನಲ್ಲಿ ಒಂದು ಬಹುಮಾನ ಇಡಬೇಕು ಅಂತ ಗುಂಪಿನಲ್ಲಿ ತೀರ್ಮಾನವಾಗಿದೆ. ಸರಿ ಉತ್ತರಕ್ಕೆ ಟಿಕ್ ಹಾಕುವ ಕ್ವಿಜ್ ಮಾಡೋಣ ಅಂತ ಕೆಲವರು ಅಂದರು. ನಾನು ಒಪ್ಪಲಿಲ್ಲ. ಒಂದು ವಚನ ಹೇಳಿದರೆ ಅದರ ಹಿಂದಿನದು, ಮುಂದಿನದು ಎರಡನ್ನೂ ಹೇಳಿದವರಿಗೇ ಬಹುಮಾನ ಅಂತ ಹಟ ಹಿಡಿದು ಒಪ್ಪಿಸಿದ್ದೇನೆ. ಗೆದ್ದವರಿಗೆ ಹಣ, ಬಂದವರಿಗೆಲ್ಲ ಕರ್ಜಿಕಾಯಿ. ಹಣ ನಾವೆಲ್ಲ ಸೇರಿ ಹಾಕುತ್ತೇವೆ. ಕರ್ಜಿಕಾಯಿ ಖರ್ಚು ಪೂರ್ತಿ ನಮ್ಮ ನಾಯಕನದು. ಅವನಿಗೆ ಈಗ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಯೂನಿಟ್ ಇದೆ, ಕೊಡಬಲ್ಲ. ದಾವೀದನ ವಿಷಯದಲ್ಲಿ ಮಾತ್ರ ತನ್ನ ವಾದವೇ ಸರಿ ಅಂತ ಮೊನ್ನೆಯೂ ಫೋನಿನಲ್ಲಿ ಜಗಳ ತೆಗೆದ.