ಉತ್ತರ ಕೇಳಿದವರಿಗೆ ಸಿಕ್ಕ ಏಕವಚನ

2024ರ ಅಕ್ಟೋಬರ್ 6ರ ಭಾನುವಾರ ಹಾಸ್ಯ ಕಲಾವಿದ ಕುನಾಲ್ ಕಾಮ್ರಾ ಅವರು ಎಕ್ಸ್‌ನಲ್ಲಿ ಒಂದು ಫೋಟೊ ಹಾಕಿದ್ದರು. ಓಲಾ ಎಲೆಕ್ಟ್ರಿಕ್ ಸ್ಕೂಟರ್‌ಗಳು ಒತ್ತೊತ್ತಾಗಿ, ಮೈತುಂಬ ಧೂಳು ಹೊತ್ತು ರಿಪೇರಿಗಾಗಿ ಕಾಯುತ್ತ ನಿಂತಿದ್ದ ಚಿತ್ರವದು. ಭಾರತದ ಗ್ರಾಹಕರಿಗೆ ದನಿ ಎಂಬುದಿದೆಯೇ, ದ್ವಿಚಕ್ರ ವಾಹನವನ್ನೇ ನಂಬಿ ಬದುಕುವ ದಿನಗೂಲಿಯವರಿಗೆ ಈ ಪಾಡು ಬರಬೇಕೇ ಎಂದು ಕೇಳಿದ್ದ ಅವರು, ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರ ಹೆಸರನ್ನೂ ಅದರಲ್ಲಿ ಎತ್ತಿದ್ದರು.

ಆ ಪ್ರಶ್ನೆಗೆ ಕಂಪನಿಯ ಸಂಸ್ಥಾಪಕ ಭವಿಶ್ ಅಗರ್ವಾಲ್ ಅವರೇ ಉತ್ತರಿಸಿದರು. ಅಷ್ಟು ಕಾಳಜಿ ಇದ್ದರೆ ಬಂದು ನಮಗೆ ನೆರವಾಗಿ, ಈ ದುಡ್ಡು ಪಡೆದು ಬರೆದ ಟ್ವೀಟ್‌ನಿಂದಲೋ ನಿಮ್ಮ ಸೋತ ಹಾಸ್ಯವೃತ್ತಿಯಿಂದಲೋ ಸಿಕ್ಕಿದ್ದಕ್ಕಿಂತ ಹೆಚ್ಚು ಕೊಡುತ್ತೇನೆ, ಇಲ್ಲವೇ ಸುಮ್ಮನೆ ಕುಳಿತು ನಿಜವಾದ ಗ್ರಾಹಕರ ತೊಂದರೆ ಸರಿಪಡಿಸಲು ನಮ್ಮನ್ನು ಬಿಡಿ ಎಂಬುದು ಅದರ ತಾತ್ಪರ್ಯ. ಸರ್ವೀಸ್ ಸೆಂಟರ್‌ಗಳನ್ನು ವೇಗವಾಗಿ ಹೆಚ್ಚಿಸುತ್ತಿದ್ದೇವೆ, ಬಾಕಿ ಉಳಿದ ಕೆಲಸಗಳು ಬೇಗ ಮುಗಿಯುತ್ತವೆ ಎಂಬ ಮಾತು ಕೊನೆಯಲ್ಲಿತ್ತು.

ಆ ಕೊನೆಯ ಮಾತೊಂದನ್ನೇ ಬರೆದು, ಅದರ ಜೊತೆಗೆ ಒಂದು ಕ್ಷಮೆಯನ್ನೂ ಒಂದು ದಿನಾಂಕವನ್ನೂ ಸೇರಿಸಿದ್ದರೆ ಆ ಭಾನುವಾರದ ಸಂಜೆ ಅಲ್ಲಿಗೇ ಮುಗಿಯುತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಕೇಳಿದ ಪ್ರಶ್ನೆಗೆ ಬೇಕಾದ ಉತ್ತರ ಅವರ ಬಳಿ ಇತ್ತು. ಆದರೆ ಓದುವವನು ಅದನ್ನು ತಲುಪುವ ಹೊತ್ತಿಗೆ ಕೇಳಿದವನ ಯೋಗ್ಯತೆ, ಸಂಪಾದನೆ, ಪ್ರಾಮಾಣಿಕತೆ ಮೂರನ್ನೂ ಹಳಿದಾಗಿತ್ತು. ತಾನು ಹಣ ಪಡೆದಿದ್ದೇನೆಂದು ಯಾರಾದರೂ ಸಾಬೀತು ಮಾಡಿದರೆ ಸಾಮಾಜಿಕ ಜಾಲತಾಣಗಳ ಖಾತೆಗಳನ್ನೆಲ್ಲ ಅಳಿಸಿ ಸುಮ್ಮನಾಗುತ್ತೇನೆ ಎಂದು ಕಾಮ್ರಾ ಸವಾಲು ಹಾಕಿದರು. ಅಗರ್ವಾಲ್ ಮತ್ತೆ ಬರೆದರು. ಈ ಸಲ ಹಿಂದಿಯಲ್ಲಿ, ಏಕವಚನದಲ್ಲಿ. ಪೆಟ್ಟು ಬಿತ್ತೇ, ನೋವಾಯಿತೇ, ಸರ್ವೀಸ್ ಸೆಂಟರ್‌ಗೆ ಬಾ, ಬಹಳ ಕೆಲಸವಿದೆ ಎಂದು ಹಂಗಿಸಿದರು.

ನನ್ನನ್ನು ಹೆಚ್ಚು ಕಾಡಿದ್ದು ಈ ಎರಡನೆಯ ಉತ್ತರ. ಏಕವಚನದ ತೂಕ ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಗ್ರಾಮಸಭೆಯಲ್ಲಿ ಅಧಿಕಾರಿಯೊಬ್ಬರು ರೈತನನ್ನು ಏಕವಚನದಲ್ಲಿ ಮಾತನಾಡಿಸಿದರೆಂದರೆ, ಉಳಿದ ವಿಷಯಗಳೆಲ್ಲ ಬದಿಗೆ ಸರಿದು ಅದೊಂದೇ ಜಗಳಕ್ಕೆ ಕಾರಣವಾಗುವುದನ್ನು ನೋಡಿ ಬೆಳೆದವರು ನಾವು. ಸರ್ವೀಸ್ ಸೆಂಟರ್‌ನಲ್ಲಿ ದುಡಿಯುವುದನ್ನು ಬೈಗುಳದಂತೆ ಬಳಸಿದ್ದೂ ನನಗೆ ನೋವಿನ ಸಂಗತಿ. ಆ ಕೌಂಟರಿನ ಹಿಂದೆ ನಿಂತು ಬಂದವರೆಲ್ಲರ ಸಿಟ್ಟು ಸಹಿಸಿಕೊಳ್ಳುವ ಹುಡುಗರು ಅದೇ ಕಂಪನಿಯ ಮಾನ ಕಾಯುತ್ತಿದ್ದರು.

ಮರುದಿನ ಷೇರುಪೇಟೆಯಲ್ಲಿ ಓಲಾ ಎಲೆಕ್ಟ್ರಿಕ್ ಷೇರು ಶೇ 8ಕ್ಕೂ ಹೆಚ್ಚು ಕುಸಿಯಿತು. ಅಂದು ಇಡೀ ಪೇಟೆಯೇ ಇಳಿಮುಖವಾಗಿತ್ತು, ಆಗಸ್ಟ್‌ನಲ್ಲಿ 76 ರೂಪಾಯಿಗೆ ಬಿಡುಗಡೆಯಾಗಿ ಕೆಲವೇ ದಿನಗಳಲ್ಲಿ 157 ರೂಪಾಯಿ ಮುಟ್ಟಿದ್ದ ಈ ಷೇರು ವಾರಗಳಿಂದ ಜಾರುತ್ತಲೇ ಇತ್ತು. ಆದ್ದರಿಂದ ಕುಸಿತದ ಹೊಣೆಯನ್ನೆಲ್ಲ ಒಂದು ಟ್ವೀಟ್‌ನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದಕ್ಕಿಂತ ಗಂಭೀರವಾದದ್ದು ಅದೇ ವಾರ ಬಹಿರಂಗವಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಕಾರಣ ಕೇಳುವ ನೋಟಿಸ್. ಒಂದೇ ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಈ ಕಂಪನಿಯ ಬಗ್ಗೆ ಬಂದಿದ್ದ ದೂರುಗಳು 10,644. ಅವುಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ದೂರುಗಳು ಸರ್ವೀಸ್ ತಡವಾದುದಕ್ಕೇ ಸಂಬಂಧಿಸಿದ್ದವು. ಶೇ 99.1ರಷ್ಟು ದೂರುಗಳನ್ನು ಬಗೆಹರಿಸಿದ್ದೇವೆ ಎಂದು ಕಂಪನಿ ಆನಂತರ ತಿಳಿಸಿತು. ಪ್ರಾಧಿಕಾರ ಅಷ್ಟಕ್ಕೇ ಬಿಡದೆ ಮುಂದಿನ ತನಿಖೆಗೆ ಆದೇಶಿಸಿತು.

ಫೋಟೊದಲ್ಲಿದ್ದ ಒಂದೊಂದು ಸ್ಕೂಟರ್‌ಗೂ ಒಬ್ಬೊಬ್ಬ ಒಡೆಯನಿದ್ದಾನೆ, ಅವನೂ ಈ ಉತ್ತರವನ್ನು ಓದುತ್ತಾನೆ ಎಂಬುದು ಅಗರ್ವಾಲ್ ಅವರಿಗೆ ಹೊಳೆಯಲಿಲ್ಲವೇ? ಅವರ ಕಚೇರಿ ಇರುವುದು ಬೆಂಗಳೂರಿನ ಕೋರಮಂಗಲದಲ್ಲಿ. ಇದಕ್ಕೆ ಒಂದು ತಿಂಗಳು ಮೊದಲು, ಸೆಪ್ಟೆಂಬರ್ 10ರಂದು, ಇದೇ ರಾಜ್ಯದ ಕಲಬುರಗಿಯಲ್ಲಿ ಯುವಕನೊಬ್ಬ, ಹೊಸದಾಗಿ ಕೊಂಡ ಸ್ಕೂಟರ್ ಪದೇ ಪದೇ ಕೆಟ್ಟು, ಅಲೆದು ಅಲೆದು ಸಾಕಾಗಿ, ಓಲಾ ಷೋರೂಂಗೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ್ದ. ಅವನು ಮಾಡಿದ್ದು ಅಪರಾಧ, ಪೊಲೀಸರು ಅವನನ್ನು ಬಂಧಿಸಿದ್ದೂ ಸರಿಯೇ. ಆದರೆ ಅಂಥ ಸುದ್ದಿ ಬಂದ ಮೇಲೂ ಗ್ರಾಹಕರ ಪರವಾಗಿ ಕೇಳಿದ ಮಾತನ್ನು ಹಣ ಪಡೆದವರ ಮಾತು ಎಂದು ತಳ್ಳಿಹಾಕುವುದಕ್ಕೆ ಮನಸ್ಸಾದರೂ ಹೇಗೆ ಬಂತು ಎಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಇದನ್ನು ಇಷ್ಟು ಹಚ್ಚಿಕೊಂಡು ಬರೆಯುತ್ತಿರುವುದಕ್ಕೆ ಮನೆಯ ಕಾರಣವೂ ಇದೆ. ಅದೇ ಸಮಯದಲ್ಲಿ, ಕೊರಿಯರ್ ಕೆಲಸ ಮಾಡುವ ನನ್ನ ತಮ್ಮನ ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿಗೆಂದು ಹೋಗಿ ಮೂರು ವಾರವಾಗಿತ್ತು. ಕಂಪನಿಯ ಹೆಸರು ಇಲ್ಲಿ ಬೇಡ. ಪ್ರತಿ ಸಲ ಹೋದಾಗಲೂ ಕೌಂಟರಿನ ಹುಡುಗ ‘ಪಾರ್ಟ್ ಬಂದಿಲ್ಲ ಸರ್, ಬಂದ ತಕ್ಷಣ ಫೋನ್ ಮಾಡ್ತೀವಿ’ ಎನ್ನುತ್ತಿದ್ದ. ಫೋನ್ ಮಾತ್ರ ಬರುತ್ತಿರಲಿಲ್ಲ. ತಮ್ಮ ದಿನವೂ ಗೆಳೆಯನ ಬೈಕಿಗೆ ಪೆಟ್ರೋಲ್ ಹಾಕಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದ, ತಿಂಗಳ ಕಂತು ಮಾತ್ರ ತಪ್ಪದೆ ಕಟ್ಟುತ್ತಿದ್ದ. ಅಗರ್ವಾಲ್ ಅವರ ಮಾತನ್ನು ಮೊಬೈಲ್‌ನಲ್ಲಿ ಓದಿ, ‘ಕೇಳಿದ್ರೆ ನಮಗೂ ಹಿಂಗೇ ಅಂತಾರೆ ಬಿಡಣ್ಣ’ ಎಂದು ಫೋನ್ ಕೆಳಗಿಟ್ಟ.

ಅದಾಗಿ ಐದು ದಿನಕ್ಕೆ ಆಯುಧಪೂಜೆ. ಬೆಳಿಗ್ಗೆ ನಾನು ನನ್ನ ಗಾಡಿ ತೊಳೆಯುತ್ತಿದ್ದಾಗ ತಮ್ಮ ಅರಿಶಿನ, ಕುಂಕುಮ, ಒಂದು ಮೊಳ ಸೇವಂತಿಗೆ, ಎರಡು ನಿಂಬೆಹಣ್ಣುಗಳನ್ನು ಚೀಲಕ್ಕೆ ಹಾಕಿಕೊಂಡು ಬಂದು, ಸರ್ವೀಸ್ ಸೆಂಟರ್‌ಗೆ ಬಿಟ್ಟುಬಾ ಎಂದ. ಅಂದು ಅಲ್ಲಿ ರಜೆ. ಕಾವಲುಗಾರ ಏನೂ ಕೇಳದೆ ಗೇಟು ತೆರೆದ. ನಮಗಿಂತ ಮೊದಲೇ ಬಂದಿದ್ದ ಗಂಡ ಹೆಂಡತಿ ತಮ್ಮ ಸ್ಕೂಟರಿನ ಮುಂದೆ ಊದುಬತ್ತಿ ಹಚ್ಚುತ್ತಿದ್ದರು. ನನ್ನ ತಮ್ಮ ತನ್ನ ಕರವಸ್ತ್ರದಿಂದ ಸೀಟಿನ ಧೂಳು ಒರೆಸಿ, ಹ್ಯಾಂಡಲ್‌ಗೆ ಹೂ ಸುತ್ತಿ, ಚಕ್ರಗಳ ಮುಂದೆ ನಿಂಬೆಹಣ್ಣಿಟ್ಟ. ಗಾಡಿ ಚಾಲೂ ಆಗುತ್ತಿರಲಿಲ್ಲವಾದ್ದರಿಂದ ಹಿಂದಿನಿಂದ ನಾನು, ಮುಂದಿನಿಂದ ಅವನು ಹಿಡಿದು, ಹಣ್ಣು ಒಡೆಯುವಷ್ಟು ದೂರ ಕೈಯಲ್ಲೇ ತಳ್ಳಿದೆವು.