ಆ ಕಡೆ ತಿರುಗಿದ ನೋಡ್‌ಗೆ ಈ ಕಡೆ ಕಿವುಡು

ಆಡ್ ಹಾಕ್ ಜಾಲದ (ನಡುವೆ ಕೇಂದ್ರವಿಲ್ಲದೆ ಸಾಧನಗಳೇ ನೇರವಾಗಿ ಮಾತಾಡುವ ನಿಸ್ತಂತು ಜಾಲ) ನೋಡ್‌ಗಳಿಗೆ, ಅಂದರೆ ಸಾಧನಗಳಿಗೆ, ಒಂದೇ ಕಡೆ ಗುರಿಯಿಡುವ ದಿಕ್ಕಿನ ಆಂಟೆನಾ ಕೂರಿಸಿ, ಯಾರು ಯಾವಾಗ ಕಳಿಸಬೇಕೆಂದು ನಿರ್ಧರಿಸುವ ಮ್ಯಾಕ್ ಪದರವನ್ನು ವೈಫೈ ಮಾನಕ 802.11ರ ಮಾಮೂಲಿ ರೂಪದಲ್ಲೇ ಬಿಟ್ಟರೆ ಮೊದಲು ಕೈಕೊಡುವುದು ಬ್ಯಾಕ್‌ಆಫ್, ಅಂದರೆ ಕಳಿಸುವ ಮುನ್ನ ಯಾದೃಚ್ಛಿಕವಾಗಿ ಕಾಯುವ ಕ್ರಮ.

ಬಿ ನೋಡ್ ತನ್ನ ಬೀಮನ್ನು ಸಿ ಕಡೆ ತಿರುಗಿಸಿ ಡೇಟಾ ಕಳಿಸುತ್ತಿದೆ ಎನ್ನಿ. ಸುತ್ತಲೂ ಹರಡುವ ಆಂಟೆನಾ ಆಗಿದ್ದರೆ ಹಿಂದಿರುವ ಎ ಅದನ್ನು ಕೇಳಿಸಿಕೊಂಡು ಸುಮ್ಮನಿರುತ್ತಿತ್ತು. ಈಗ ಕೇಳಿಸುವುದಿಲ್ಲ. ಎ, ಬಿಗೆ ಆರ್‌ಟಿಎಸ್ (ಕಳಿಸಲೇ ಎಂಬ ಕೋರಿಕೆ) ಕಳಿಸುತ್ತದೆ; ಬಿ ಸಿ ಕಡೆ ತಿರುಗಿರುವುದರಿಂದ ಅದು ಕೇಳಿಸದೆ ಸಿಟಿಎಸ್ (ಕಳಿಸು ಎಂಬ ಉತ್ತರ) ಬರುವುದಿಲ್ಲ, ಎ ಡಿಕ್ಕಿಯಾಯಿತೆಂದು ತಿಳಿದು ವಿಂಡೋ, ಅಂದರೆ ಎಷ್ಟು ಸ್ಲಾಟ್‌ವರೆಗೆ ಕಾಯಬಹುದೆಂಬ ಮಿತಿ, ದುಪ್ಪಟ್ಟು ಮಾಡುತ್ತದೆ.

802.11ಬಿ ಲೆಕ್ಕ ನೋಡಿ. 2 ಎಂಬಿಪಿಎಸ್‌ನಲ್ಲಿ 1500 ಬೈಟ್‌ಗೆ ಸುಮಾರು 6.3 ಮಿಲಿಸೆಕೆಂಡ್ ಬೇಕು. ಕಾಯುವಿಕೆ ಎಣಿಸುವ ಘಟಕವಾದ ಸ್ಲಾಟ್ 20 ಮೈಕ್ರೋಸೆಕೆಂಡ್. ವಿಂಡೋ 31, 63, 127 ಎಂದು ಬೆಳೆಯುತ್ತದೆ. ಅಷ್ಟರಲ್ಲಿ ಎಯ ಮೂರು ಪ್ರಯತ್ನ ವ್ಯರ್ಥವಾಗಿ, ವಿಂಡೋ 255ಕ್ಕೆ ಏರಿರುತ್ತದೆ. ಸರಾಸರಿ ಕಾಯುವಿಕೆ 2.5 ಮಿಲಿಸೆಕೆಂಡ್. ಬಿ ಮಾತ್ರ ಒಂದು ಪ್ಯಾಕೆಟ್ ಮುಗಿಸಿ ಮತ್ತೆ 31ರಿಂದ ಶುರುಮಾಡಿ, ಸುಮಾರು 0.3 ಮಿಲಿಸೆಕೆಂಡ್ ಕಾದು, ಪುನಃ ಸಿ ಕಡೆ ತಿರುಗಿಬಿಡುತ್ತದೆ. ಏಳು ಸಲ ಸೋತರೆ ಎ ಪ್ಯಾಕೆಟನ್ನೇ ಬಿಸಾಡುತ್ತದೆ. ಪ್ಯಾಕೆಟ್ ಸಾಗುವ ದಾರಿ ಗೊತ್ತುಮಾಡುವ ಎಒಡಿವಿಯಂಥ ರೂಟಿಂಗ್ ಪ್ರೋಟೋಕಾಲ್ ಲಿಂಕ್ ಕಡಿದುಹೋಯಿತೆಂದು ಹೊಸ ದಾರಿ ಹುಡುಕತೊಡಗುತ್ತದೆ. ಲಿಂಕ್‌ಗೆ ಏನೂ ಆಗಿರುವುದಿಲ್ಲ!

ಅಕ್ಕಪಕ್ಕದ ನೋಡ್‌ಗಳಿಗೂ ಗೊತ್ತಾಗಲೆಂದು ಎಲ್ಲ ದಿಕ್ಕಿಗೂ ಸರದಿಯಂತೆ ಆರ್‌ಟಿಎಸ್ ಕಳಿಸುವುದು ಒಂದು ಪರಿಹಾರ. ಆದರೆ 1 ಎಂಬಿಪಿಎಸ್‌ನಲ್ಲಿ ಒಂದು ಆರ್‌ಟಿಎಸ್‌ಗೆ 352 ಮೈಕ್ರೋಸೆಕೆಂಡ್; 60 ಡಿಗ್ರಿಯ ಆರು ಬೀಮಿಗೆ 2.1 ಮಿಲಿಸೆಕೆಂಡ್. ಡೇಟಾ ಹೊತ್ತಿನ ಮೂರರಲ್ಲೊಂದು ಪಾಲು ಅಲ್ಲೇ ಹೋಯಿತು. ನನಗೆ ಇದು ದುಬಾರಿ ಎನ್ನಿಸುತ್ತದೆ.

2004ರಲ್ಲಿ ರೋಮಿತ್ ರಾಯ್ ಚೌಧರಿ ಮತ್ತು ನಿತಿನ್ ವೈದ್ಯ ಮಂಡಿಸಿದ ಟೋನ್‌ಡಿಮ್ಯಾಕ್ ಎಂಬ ಮ್ಯಾಕ್ ಪ್ರೋಟೋಕಾಲ್ ಹೆಚ್ಚು ಜಾಣತನದ್ದು. ಮಾತುಕತೆ ಮುಗಿದ ಮೇಲೆ ಎರಡೂ ನೋಡ್‌ಗಳು ಬೇರೆ ಚಾನಲ್ಲಿನಲ್ಲಿ ಸುತ್ತಲೂ ಒಂದು ಟೋನ್ (ಡೇಟಾ ಇಲ್ಲದ ಸರಳ ಸಂಕೇತ) ಬಿಡುತ್ತವೆ. ಎ ಅದನ್ನು ಗುರುತಿಸಿ, ಆದದ್ದು ಡಿಕ್ಕಿಯಲ್ಲ, ಕಿವುಡು ಎಂದು ತಿಳಿದು ವಿಂಡೋವನ್ನು 31ಕ್ಕೆ ಇಳಿಸುತ್ತದೆ. ಆಗ ಇಬ್ಬರಿಗೂ ಸಮಾನ ಪೈಪೋಟಿ.

ಟೋನ್ ಇಲ್ಲದಿದ್ದರೂ ಒಂದನ್ನು ಇಂದೇ ಸರಿಪಡಿಸಬಹುದು. ಬ್ಯಾಕ್‌ಆಫ್ ಎಣಿಸುವಾಗ ಬೀಮ್ ಗುರಿಯ ಕಡೆಗೇ ನೆಟ್ಟಿದೆಯೋ ನಿಮ್ಮ ಕೋಡಿನಲ್ಲಿ ನೋಡಿ. ನೆಟ್ಟಿದ್ದರೆ ಎ ಬಿಗಾಗಿ, ಬಿ ಸಿಗಾಗಿ, ಸಿ ಎಗಾಗಿ ಕಾಯುತ್ತ ಒಬ್ಬರ ಕರೆ ಇನ್ನೊಬ್ಬರಿಗೆ ಕೇಳದೆ ಸಿಕ್ಕಿಕೊಳ್ಳುತ್ತವೆ. ಎಣಿಕೆಯ ಹೊತ್ತಿನಲ್ಲಿ ಆಂಟೆನಾವನ್ನು ಸುತ್ತಲೂ ಆಲಿಸುವ ಸ್ಥಿತಿಗೆ ತನ್ನಿ; ಕಳಿಸುವ ಕ್ಷಣಕ್ಕೆ ಮಾತ್ರ ತಿರುಗಿಸಿ.