ಲಾಕ್‌ಡೌನ್ ಕಾದಂಬರಿ ತಿದ್ದುವಾಗ ಕ್ಯಾಲೆಂಡರ್ ಪಕ್ಕದಲ್ಲಿರಲಿ

ಬಳ್ಳಾರಿಯಲ್ಲಿ ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಇತ್ತೀಚೆಗೆ ಕೊಪ್ಪಳ ಕಡೆಯ ಹುಡುಗನೊಬ್ಬ ಬರೆದ ಪತ್ತೆದಾರಿ ಕಾದಂಬರಿ ಕೈಗೆ ಬಂತು. 2020ರ ಲಾಕ್‌ಡೌನಿನಲ್ಲಿ, ನಮ್ಮ ಊರಲ್ಲೇ ನಡೆಯುವ ಕೊಲೆ. ಹುಡುಗ ಚೆನ್ನಾಗಿ ಬರೆಯುತ್ತಾನೆ. ಆದರೆ ಇಂಥ ಕಥೆಯಲ್ಲಿ ಭಾಷೆಗಿಂತ ಮೊದಲು ತಾರೀಖು ನೋಡಬೇಕು. ಆ ದಿನಗಳನ್ನು ಓದುಗರೆಲ್ಲ ಬದುಕಿ ಬಂದಿದ್ದಾರೆ.

ಕೊಲೆ ಆಗುವುದು ಏಪ್ರಿಲ್ 5ರ ರಾತ್ರಿ 9ಕ್ಕೆ. ದೇಶವೆಲ್ಲ ಒಂಬತ್ತು ನಿಮಿಷ ಲೈಟು ಆರಿಸಿ ದೀಪ ಹಚ್ಚಿದ ಹೊತ್ತು. ಯೋಚನೆ ನನಗೆ ಬಹಳ ಹಿಡಿಸಿತು. ಆದರೆ ಕೌಲ್ ಬಜಾರಿನ ಓಣಿಯಲ್ಲಿ ಗವ್ವೆನ್ನುವ ಕತ್ತಲು, ಕೊಲೆಗಾರನ ಮುಖವೇ ಕಾಣಲಿಲ್ಲ ಎಂದು ಬರೆದಿದ್ದ. ಅಂದು ಆರಿಸಬೇಕಿದ್ದದ್ದು ಮನೆ ಲೈಟು ಮಾತ್ರ. ಬೀದಿ ದೀಪ ಉರಿಯುತ್ತವೆ ಎಂದು ಕೇಂದ್ರ ವಿದ್ಯುತ್ ಸಚಿವಾಲಯ ಹಿಂದಿನ ದಿನವೇ ಹೇಳಿತ್ತು. ಸಾಲದ್ದಕ್ಕೆ ಹುಣ್ಣಿಮೆ ಹತ್ತಿರದಲ್ಲಿತ್ತು. ಒಂಬತ್ತಕ್ಕೆಲ್ಲ ಚಂದ್ರ ಮೇಲೇರಿದ್ದ. ಜನ ಬಾಗಿಲಲ್ಲಿ, ಮಾಳಿಗೆ ಮೇಲೆ ನಿಂತಿದ್ದರು. ಯಾರ ಕಣ್ಣಿಗೂ ಬೀಳದೆ ಓಣಿ ದಾಟಲು ಇಡೀ ಲಾಕ್‌ಡೌನಿನಲ್ಲಿ ಇದಕ್ಕಿಂತ ಕೆಟ್ಟ ಗಳಿಗೆ ಸಿಗಲಿಕ್ಕಿಲ್ಲ!

“ಕಥಿ ಅಲ್ಲೇನಕ್ಕಾ, ಇಷ್ಟೆಲ್ಲ ಯಾರು ನೋಡ್ತಾರ?” ಅಂದ.

ನೋಡುತ್ತಾರೆ. ಪತ್ತೆದಾರಿ ಓದುವವರು ಪ್ರತಿ ಸಾಲನ್ನೂ ಅನುಮಾನಿಸಿಯೇ ಓದುತ್ತಾರೆ. ಒಂದು ಸುಳಿವು ಸುಳ್ಳು ಅನ್ನಿಸಿದರೆ ಉಳಿದದ್ದನ್ನೂ ನಂಬುವುದಿಲ್ಲ, ಅಲ್ವಾ?

ಬೇರೆ ಕಡೆಯೂ ತಾರೀಖು ಜಾರಿತ್ತು. ಹೊಸಪೇಟೆ ದಾರಿಯಲ್ಲಿ ಪೊಲೀಸರು ವಿಜಯನಗರ ಜಿಲ್ಲೆಗೆ ಹೋಗಲು ಪಾಸ್ ಕೇಳುತ್ತಾರೆ. ಆ ಜಿಲ್ಲೆ ಆದದ್ದು 2021ರಲ್ಲಿ. ಅಲ್ಲಿಯವರೆಗೆ ಹೊಸಪೇಟೆ ಬಳ್ಳಾರಿ ಜಿಲ್ಲೆಯದೇ. ಎಫ್‌ಐಆರ್‌ನಲ್ಲಿ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) 103 ಎಂದಿತ್ತು. ಅದು ಜಾರಿಗೆ ಬಂದದ್ದು 2024ರ ಜುಲೈ 1ಕ್ಕೆ. ಆಗ ಕೊಲೆಗೆ ಐಪಿಸಿ 302. ಏಪ್ರಿಲ್ ನಡುವೆ ಒಬ್ಬ ವೈನ್‌ಶಾಪಿನಿಂದ ಬಾಟಲಿ ತರುತ್ತಾನೆ. ರಾಜ್ಯದಲ್ಲಿ ಮದ್ಯದಂಗಡಿ ಮತ್ತೆ ತೆರೆದದ್ದು ಮೇ 4ಕ್ಕೆ. ಕ್ಯೂ ನೆನಪಿದೆಯಲ್ಲ?

ಇವನ್ನೆಲ್ಲ ಸುಮ್ನೆ ಅಲ್ಲಲ್ಲೇ ತಿದ್ದಬಹುದಿತ್ತು. ಕೊಲೆಯದು ಹಾಗಲ್ಲ. ಆ ರಾತ್ರಿಯನ್ನು ಕೈಬಿಡಲು ನನಗೂ ಮನಸ್ಸಿರಲಿಲ್ಲ. ತಾರೀಖು ಹಾಗೇ ಇರಲಿ, ಜಾಗ ಬದಲಿಸು ಅಂದೆ. ಅವನು ತಿದ್ದಿ ಕಳಿಸಿದ ಪ್ರತಿಯಲ್ಲಿ ಕೊಲೆ ಮನೆಯೊಳಗೇ ಆಗುತ್ತದೆ. ಮನೆಯವರೆಲ್ಲ ದೀಪ ಹಿಡಿದು ಮಾಳಿಗೆ ಹತ್ತಿದ್ದಾರೆ. ಹೊರಗಿನವರು ಬಂದಿದ್ದರೆ ಓಣಿಯವರಿಗೆ ಕಾಣಲೇಬೇಕಿತ್ತು. ಹಾಗಾದರೆ ಆ ಒಂಬತ್ತು ನಿಮಿಷದಲ್ಲಿ ಕೆಳಗಿಳಿದವರು ಯಾರು? ಇನ್‌ಸ್ಪೆಕ್ಟರ್ ಒಬ್ಬೊಬ್ಬರನ್ನೇ ಕೇಳುತ್ತಾ ಹೋಗುವ ಆ ಅಧ್ಯಾಯ ಈಗ ಪುಸ್ತಕದಲ್ಲೇ ಅತ್ಯಂತ ಗಟ್ಟಿಯಾಗಿದೆ.